ಮೇಷ್ಟ್ರು ಸದನಕ್ಕೆ ಹೋದ ಮೇಲೆ: ಪಿ.ಟಿ. ಮಾಸ್ತರಿಕೆಯಿಂದ ಸಭಾಪತಿ ಪೀಠದವರೆಗೆ

ಸೀಟಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಹದಿನೇಳು ವರ್ಷವಾಯಿತು. ಬೆಳಗ್ಗೆ ಪ್ರಾರ್ಥನೆಗೆ ಸಾಲು ನಿಲ್ಲಿಸುವುದರಿಂದ ಹಿಡಿದು ಸಂಜೆ ಗೇಟಿಗೆ ಬೀಗ ಬೀಳುವವರೆಗೆ ಕುತ್ತಿಗೆಯಲ್ಲಿ ಸೀಟಿ ಇರುತ್ತದೆ. ಗಣಿತದ ಮೇಷ್ಟ್ರು ರಜೆ ಹಾಕಿದರೆ ಆ ಪಿರಿಯಡ್ ನಮ್ಮ ಪಾಲಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ಆಟದ ಪಿರಿಯಡ್ ಗಣಿತದವರ ಪಾಲಿಗೆ. ಸ್ಟಾಫ್ ರೂಮಿನಲ್ಲಿ ಪಿ.ಟಿ. ಮಾಸ್ತರ ಮಾತಿಗೆ ತೂಕ ಸ್ವಲ್ಪ ಕಡಿಮೆಯೇ.

ಅದಕ್ಕೇ ಬಸವರಾಜ ಹೊರಟ್ಟಿಯವರ ದಾರಿ ನನಗೆ ಮುಖ್ಯ ಅನ್ನಿಸುತ್ತದೆ. 1946ರಲ್ಲಿ ಮುಧೋಳ ತಾಲ್ಲೂಕಿನ ಯಡಹಳ್ಳಿಯಲ್ಲಿ ಹುಟ್ಟಿದವರು. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದರು. 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತು ವಿಧಾನ ಪರಿಷತ್ತಿಗೆ ಗೆದ್ದರು. ಈಗಿನ ಲೆಕ್ಕದಲ್ಲಿ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ ಕ್ಷೇತ್ರ ಅದು. ಆಮೇಲೆ 1986, 1992, 1998, 2004, 2010, 2016, 2022. ಎಂಟು ಸಲ ನಿಂತರು, ಎಂಟೂ ಸಲ ಗೆದ್ದರು. ನಡುವೆ 2006ರಲ್ಲಿ ಶಿಕ್ಷಣ ಮಂತ್ರಿಯಾದರು. 2018ರಲ್ಲಿ ಹಂಗಾಮಿ ಸಭಾಪತಿ, 2021ರ ಫೆಬ್ರುವರಿಯಲ್ಲಿ ಸಭಾಪತಿ, 2022ರ ಡಿಸೆಂಬರಿನಲ್ಲಿ ಮತ್ತೆ ಸಭಾಪತಿ.

ನಾನು ಇಲ್ಲಿ ಯಾರ ಪರ ಪ್ರಚಾರಕ್ಕೂ ಬಂದಿಲ್ಲ. ನಾನು 2016ರಲ್ಲಿ ಮತ್ತು 2022ರಲ್ಲಿ ಆ ಕ್ಷೇತ್ರದ ಮತದಾರ. ಯಾರಿಗೆ ಹಾಕಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ನನ್ನ ಪ್ರಶ್ನೆ ಬೇರೆ. ನಮ್ಮಂತೆ ಬಿಸಿಲಲ್ಲಿ ನಿಂತು ಸೀಟಿ ಊದಿದ ಒಬ್ಬರು ನಾಲ್ಕು ದಶಕಕ್ಕೂ ಜಾಸ್ತಿ ಸದನದಲ್ಲಿ ಇದ್ದರೆ ನಮ್ಮ ಶಾಲೆಯಲ್ಲಿ ಏನು ಬದಲಾಗಬೇಕಿತ್ತು? ಏನು ಬದಲಾಯಿತು? ಮೇಷ್ಟ್ರು ಶಾಸಕರಾದರೆ ಅವರನ್ನು ನಾವು ಯಾವ ಅಳತೆಗೋಲಿನಿಂದ ಅಳೆಯಬೇಕು?

ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ಗೆದ್ದ ಚುನಾವಣೆಗಳ ಲೆಕ್ಕ ಅಳತೆಗೋಲಲ್ಲ. ಒಂದು ಶಾಲೆಯ ಒಂದು ಕಷ್ಟವನ್ನು ಹಿಡಿದು, ಅದು ಮುಗಿಯುವವರೆಗೆ ಬಿಡದೆ ಬೆನ್ನು ಹತ್ತಿದರಾ ಅನ್ನುವುದೇ ಅಳತೆ. ಆದರೆ ಹಾಗೆ ಅಳೆಯಬೇಕಾದರೆ ನಾವೂ ಕಷ್ಟವನ್ನು ಸರಿಯಾಗಿ ಬರೆದು ಕೊಟ್ಟಿರಬೇಕು. ನಾವು ಕೊಟ್ಟಿದ್ದೇವಾ?


ಅಕ್ಕೋರು:

ಸರ್, ಒಳ್ಳೆಯ ಮಾತು ಎತ್ತಿದ್ದೀರಿ. ನಾನು ಗದಗ ಕಡೆಯವಳು, ಕನ್ನಡ ಕಲಿಸುತ್ತೇನೆ. ನನ್ನ ಅಪ್ಪನೂ ಹೈಸ್ಕೂಲ್ ಮಾಸ್ತರರೇ. 1980ರ ಚುನಾವಣೆಯ ಬಗ್ಗೆ ಅಪ್ಪ ಹೇಳುತ್ತಿದ್ದದ್ದು ಇಷ್ಟು: "ನಮ್ಮೊಳಗಿನವನೊಬ್ಬ ನಿಂತಿದ್ದಾನೆ ಅಂತ ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿದೆವು." ಆಗ ಪಕ್ಷ ಯಾವುದು ಅಂತ ಯಾರೂ ಕೇಳಲಿಲ್ಲವಂತೆ. ಸಂಬಳ ತಿಂಗಳು ತಿಂಗಳು ಬರುವುದೇ ಕಷ್ಟವಿತ್ತು. ಆಡಳಿತ ಮಂಡಳಿಯವರು ಕರೆದಾಗ ಅವರ ಮನೆ ಕೆಲಸಕ್ಕೂ ಹೋಗಬೇಕಿತ್ತು. ಆ ಕಷ್ಟ ಗೊತ್ತಿರುವ ಒಬ್ಬ ಮನುಷ್ಯ ಬೆಂಗಳೂರಿನಲ್ಲಿ ಕೂತರೆ ಸಾಕು ಅನ್ನುವ ಆಸೆ ಅವರದು.

ಮತ ಹಾಕುವ ರೀತಿಯ ಬಗ್ಗೆ ಒಂದು ಮಾತು. ನಮ್ಮದು ಗುಂಡಿ ಒತ್ತುವ ಮತ ಅಲ್ಲ. ಕಾಗದದ ಮತಪತ್ರ, ಅಲ್ಲೇ ಕೊಡುವ ನೇರಳೆ ಸ್ಕೆಚ್ ಪೆನ್ನು. ಅಭ್ಯರ್ಥಿಯ ಹೆಸರಿನ ಮುಂದೆ 1, 2, 3 ಅಂತ ಅಂಕಿಯಲ್ಲಿ ಬರೆಯಬೇಕು. ಸರಿ ಗುರುತು ಹಾಕಿದರೆ ಹೋಯಿತು. 1 ಅಂತ ಎರಡು ಕಡೆ ಬರೆದರೂ ಹೋಯಿತು. ಸಹಿ ಮಾಡಿದರಂತೂ ಮುಗಿದೇ ಹೋಯಿತು. ದಿನವಿಡೀ ಮಕ್ಕಳ ತಪ್ಪು ತಿದ್ದುವವರ ಮತಪತ್ರಗಳೇ ಪ್ರತಿ ಸಲ ಅಸಿಂಧು ಆಗುತ್ತವೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ಕಳೆದ ಸಲ ನಮ್ಮ ಶಾಲೆಯಲ್ಲಿ ನಾನೇ ಒಂದು ಬಿಳಿ ಹಾಳೆ ಮೇಲೆ ಮಾದರಿ ಬರೆದು ಎಲ್ಲರಿಗೂ ತೋರಿಸಿದೆ. ಹಿರಿಯರೊಬ್ಬರು "ಇಷ್ಟು ವರ್ಷ ನಾನು ಸರಿ ಗುರುತೇ ಹಾಕುತ್ತಿದ್ದೆನಲ್ಲ" ಅಂತ ಸುಮ್ಮನೆ ಕೂತುಬಿಟ್ಟರು.


ಒಂದರಿಂದ ಐದು:

ನಿಮ್ಮ ಮಾತೆಲ್ಲ ಓದಿದೆ. ನನಗೆ ಮಾತ್ರ ಆ ಮತಪತ್ರ ಮುಟ್ಟುವ ಭಾಗ್ಯವೇ ಇಲ್ಲ. ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ಇಬ್ಬರು ಶಿಕ್ಷಕರು, ಐದು ತರಗತಿ. ಒಂದನೇ ಕ್ಲಾಸಿನ ಮಗುವಿನ ಕೈ ಹಿಡಿದು "ಅ" ತಿದ್ದಿಸುವವನು ನಾನು. "ಶಿಕ್ಷಕರ ಕ್ಷೇತ್ರ" ಅನ್ನುವ ಹೆಸರಿನ ಕ್ಷೇತ್ರದಲ್ಲಿ ನಾನು ಶಿಕ್ಷಕನಲ್ಲ. ಹೈಸ್ಕೂಲಿನಿಂದ ಮೇಲಿನವರಿಗೆ ಮಾತ್ರ ಮತ.

ರಾಜ್ಯದಲ್ಲಿ ಶಿಕ್ಷಕರ ಸಂಖ್ಯೆ ನೋಡಿದರೆ ನಮ್ಮದೇ ದೊಡ್ಡ ಬಳಗ. ಆದರೂ ನಮ್ಮ ಕಷ್ಟ ಹೇಳಲು ಹೋದರೆ ಪರಿಷತ್ ಸದಸ್ಯರ ಮನೆ ಬಾಗಿಲಲ್ಲಿ ನಾವು ಮತದಾರರಾಗಿ ನಿಲ್ಲುವುದಿಲ್ಲ, ಅರ್ಜಿದಾರರಾಗಿ ನಿಲ್ಲುತ್ತೇವೆ. ಆ ವ್ಯತ್ಯಾಸ ನಿಂತವನಿಗೇ ಗೊತ್ತು.


ಸಂವಿಧಾನ ಓದುಗ:

ಒಂದರಿಂದ ಐದು ಅವರ ನೋವು ನ್ಯಾಯವಾದದ್ದು. ಇದು ಯಾವುದೋ ಇಲಾಖೆಯ ಸುತ್ತೋಲೆ ಅಲ್ಲ, ಸಂವಿಧಾನದಲ್ಲೇ ಹಾಗಿದೆ ಅನ್ನುವುದು ಗೊತ್ತಿರಲಿ. 171ನೇ ವಿಧಿ. ವಿಧಾನ ಪರಿಷತ್ತಿನ ಹನ್ನೆರಡರಲ್ಲಿ ಒಂದು ಪಾಲು ಸದಸ್ಯರನ್ನು ಶಿಕ್ಷಕರು ಆರಿಸಬೇಕು. ಆ ಶಿಕ್ಷಕರು ಪ್ರೌಢಶಾಲೆಗಿಂತ ಕೆಳಗಿನ ಮಟ್ಟದವರಾಗಿರಬಾರದು, ಕನಿಷ್ಠ ಮೂರು ವರ್ಷ ಕಲಿಸಿರಬೇಕು. ಮೂರು ವರ್ಷದ ಲೆಕ್ಕವನ್ನು ಹಿಂದಿನ ಆರು ವರ್ಷದೊಳಗೆ ನೋಡುತ್ತಾರೆ. ಇದನ್ನು ಬದಲಿಸಬೇಕಾದರೆ ದೆಹಲಿಯಲ್ಲಿ ಸಂಸತ್ತೇ ಮನಸ್ಸು ಮಾಡಬೇಕು.

ಕರ್ನಾಟಕದ ಪರಿಷತ್ತಿನಲ್ಲಿ 75 ಸ್ಥಾನ. ಶಾಸಕರು ಆರಿಸುವವರು 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮನಿರ್ದೇಶನ 11. ಅಂದರೆ ನಾವು ಮಾತಾಡುತ್ತಿರುವುದು ಏಳು ಕುರ್ಚಿಯ ಬಗ್ಗೆ.

ತುಂಬ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಮತ ಹಾಕುವವರು ಶಿಕ್ಷಕರಾಗಿರಬೇಕು, ಆದರೆ ನಿಲ್ಲುವವರು ಶಿಕ್ಷಕರಾಗಿರಬೇಕಿಲ್ಲ! ಮೂವತ್ತು ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರನಾಗಿರಬೇಕು, ಅಷ್ಟೇ. 1972ರಲ್ಲಿ ಮದ್ರಾಸಿನ ಪದವೀಧರ ಕ್ಷೇತ್ರದ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಪದವಿ ಇಲ್ಲದವರು ಅಲ್ಲಿ ಗೆದ್ದಿದ್ದರು. ಅಭ್ಯರ್ಥಿಗೆ ಪದವಿ ಬೇಕು ಅಂತ ಸಂವಿಧಾನ ಎಲ್ಲೂ ಹೇಳಿಲ್ಲ ಅಂತ ಕೋರ್ಟ್ ಹೇಳಿತು. ಶಿಕ್ಷಕರ ಕ್ಷೇತ್ರಕ್ಕೂ ಅದೇ ತರ್ಕ. ಹಾಗಾಗಿ ಕಪ್ಪು ಹಲಗೆ ಮುಂದೆ ಒಂದು ದಿನವೂ ನಿಲ್ಲದವರು ಶಿಕ್ಷಕರ ಪ್ರತಿನಿಧಿ ಆಗಬಹುದು.

ಇದಕ್ಕೆ ತಿರುಗಾಮುರುಗಾ ಇನ್ನೊಂದು ಇದೆ. ಸರ್ಕಾರಿ ಶಾಲೆಯ ಶಿಕ್ಷಕರು ನಿಲ್ಲಬೇಕಾದರೆ ಮೊದಲು ರಾಜೀನಾಮೆ ಕೊಡಬೇಕು. ಸೋತರೆ ಕೆಲಸವೂ ಇಲ್ಲ, ಕುರ್ಚಿಯೂ ಇಲ್ಲ. ಮನೆ ನಡೆಸುವ ಮೇಷ್ಟ್ರು ಆ ಧೈರ್ಯ ಮಾಡುವುದು ಕಷ್ಟ ಅಲ್ವಾ? ಅದಕ್ಕೇ ಈ ಏಳು ಕುರ್ಚಿಗಳಿಗೆ ಶಿಕ್ಷಣ ಸಂಸ್ಥೆ ನಡೆಸುವವರು, ಪಕ್ಷದ ಕಾರ್ಯಕರ್ತರು ಹೆಚ್ಚು ಕಣ್ಣು ಹಾಕುತ್ತಾರೆ.


ತುಂಗೆಯ ದಡ:

ನಾನು ಸ್ವಲ್ಪ ಕಟುವಾಗಿ ಬರೆಯುತ್ತೇನೆ, ಬೇಜಾರಾಗಬೇಡಿ. ನಾನೂ ಶಿಕ್ಷಕನೇ, ಶಿವಮೊಗ್ಗ ಕಡೆ.

ಮೇಷ್ಟ್ರು ಅಂದ ಮಾತ್ರಕ್ಕೆ ಒಳ್ಳೆಯ ಶಾಸಕ ಆಗಿಬಿಡುವುದಿಲ್ಲ. ಪಕ್ಷೇತರ ಅಂತ ಶುರುವಾದದ್ದು ಜನತಾ ಪರಿವಾರ, ಜೆಡಿಎಸ್ ದಾಟಿ 2022ರಲ್ಲಿ ಬಿಜೆಪಿಗೆ ಬಂತು. ಇದನ್ನು ದ್ರೋಹ ಅಂತ ನಾನು ಹೇಳುವುದಿಲ್ಲ. ಅಧಿಕಾರ ಇರುವ ಕಡೆ ಇದ್ದರೆ ಕೆಲಸ ಆಗುತ್ತದೆ ಅನ್ನುವವರೂ ಇದ್ದಾರೆ. ಆದರೆ "ನಮ್ಮವನು" ಅಂತ ಸೈಕಲ್ ಮೇಲೆ ತಿರುಗಿದವರ ಆಸೆಗೂ, ಪಕ್ಷದ ಟಿಕೆಟ್ ಮೇಲೆ ನಿಲ್ಲುವ ಚುನಾವಣೆಗೂ ಬಹಳ ದೂರ.

ಚುನಾವಣೆ ಬಂತೆಂದರೆ ನಮ್ಮ ಕಡೆ ಸ್ಟಾಫ್ ರೂಮಿನ ಗಾಳಿಯೇ ಬದಲಾಗುತ್ತದೆ. ಊಟದ ಕೂಟ, ಜಾತಿ ಲೆಕ್ಕ, ಯಾರೋ ಕಳಿಸಿದ ಬ್ಯಾಗು. ಒಂದು ಸಲ ನನ್ನ ಮೇಜಿನ ಮೇಲೂ ಒಂದು ಬ್ಯಾಗು ಬಂತು. ಎಂಟನೇ ಕ್ಲಾಸಿನ ಹುಡುಗ ಅದನ್ನು ನೋಡಿ "ಸಾರ್, ಇದು ಯಾರು ಕೊಟ್ಟಿದ್ದು?" ಅಂತ ಕೇಳಿದ. ನನಗೆ ಉತ್ತರ ಹೊರಡಲಿಲ್ಲ. ಹಿಂದಿನ ವಾರವಷ್ಟೇ ಪೌರನೀತಿಯಲ್ಲಿ ಮತದಾನದ ಪಾಠ ಮಾಡಿದ್ದೆ. ಬ್ಯಾಗನ್ನು ವಾಪಸ್ ಕಳಿಸಿದೆ. ಆದರೆ ಆ ಹುಡುಗನ ಮುಖ ಈಗಲೂ ನೆನಪಿದೆ.

ನನ್ನ ದೊಡ್ಡ ದೂರು ಇದು. ಶಿಕ್ಷಕರ ಶಾಸಕರು ಮಾತಾಡುವುದು ಸಂಬಳ, ಬಡ್ತಿ, ಪಿಂಚಣಿ, ವರ್ಗಾವಣೆ. ಇವು ಬೇಕು, ಬೇಡ ಅನ್ನುವುದಿಲ್ಲ. ಆದರೆ ಮಕ್ಕಳು ಎಲ್ಲಿ? ಪ್ರಯೋಗಾಲಯದಲ್ಲಿ ಬೀಕರ್ ಇಲ್ಲ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲ, ಆಟದ ಬಯಲಿಗೆ ಕಾಂಪೌಂಡ್ ಇಲ್ಲ. ಮಕ್ಕಳಿಗೆ ಮತ ಇಲ್ಲ, ಅದಕ್ಕೆ ಮಾತೂ ಇಲ್ಲ.


ಸೀಟಿ ಮೇಷ್ಟ್ರು:

ತುಂಗೆಯ ದಡ ಅವರೇ, ಬೇಜಾರೇನಿಲ್ಲ. ಬೇಕಾಗಿದ್ದದ್ದೇ ಈ ಮಾತು. ಒಂದು ಮಾತ್ರ ಒಪ್ಪುವುದಿಲ್ಲ. ಸಂಬಳ, ಪಿಂಚಣಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ನಿವೃತ್ತರಾದರು. ಆ ಹುದ್ದೆ ತುಂಬಲು ಅನುಮತಿ ಬರಲಿಲ್ಲ. ಆಡಳಿತ ಮಂಡಳಿ ಸಿಕ್ಕಷ್ಟು ಕೊಟ್ಟು ಒಬ್ಬ ಹುಡುಗಿಯನ್ನು ಕರೆತಂದಿತು. ಪಾಪ, ಚೆನ್ನಾಗಿ ಕಲಿಸುತ್ತಿದ್ದಳು. ಅಷ್ಟು ಹಣದಲ್ಲಿ ಬಸ್ ಚಾರ್ಜ್ ಕಳೆದರೆ ಏನೂ ಉಳಿಯಲ್ಲ ಅಂತ ನಡುವರ್ಷದಲ್ಲೇ ಬಿಟ್ಟಳು. ಹತ್ತನೇ ಕ್ಲಾಸಿನ ಮಕ್ಕಳು ವಿದ್ಯುತ್ ಪಾಠವನ್ನು ಮೊಬೈಲ್ ವಿಡಿಯೋ ನೋಡಿ ಕಲಿತರು. ಈಗ ಹೇಳಿ, ಹುದ್ದೆ ಖಾಲಿ ಇರುವುದು ಮೇಷ್ಟ್ರ ವಿಷಯವಾ, ಮಕ್ಕಳ ವಿಷಯವಾ?


ಕಡತ ನೋಡಿದವನು:

ನಾನು ಬೆಂಗಳೂರಿನಲ್ಲಿ ಮೂರು ದಶಕ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಶಿಕ್ಷಣದ ಕಡತಗಳ ಮಧ್ಯೆಯೇ ತಲೆ ಬೆಳ್ಳಗಾಯಿತು. ಎರಡು ಸಂಗತಿ ಹೇಳಬೇಕು ಅನ್ನಿಸಿತು.

ಮೊದಲನೆಯದು 2006-07ರ ಬಗ್ಗೆ. ಹೊರಟ್ಟಿಯವರು ಕುಮಾರಸ್ವಾಮಿ ಸಂಪುಟದಲ್ಲಿ ಶಿಕ್ಷಣ ಮಂತ್ರಿ. ಕನ್ನಡ ಮಾಧ್ಯಮ ಅಂತ ಅನುಮತಿ ತಗೊಂಡು ಒಳಗೆ ಇಂಗ್ಲಿಷ್ ಮಾಧ್ಯಮ ನಡೆಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ಆಗ ರದ್ದಾಯಿತು. ರಾಜ್ಯದಲ್ಲಿ ದೊಡ್ಡ ಗದ್ದಲ. ಸಾಹಿತಿಗಳು, ಪಾಲಕರು, ಆಡಳಿತ ಮಂಡಳಿಗಳು, ಎಲ್ಲರೂ ಬೀದಿಗೆ ಇಳಿದರು. ಅದೇ ಹೊತ್ತಿನಲ್ಲಿ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ತೀರ್ಮಾನವೂ ಆಯಿತು. 2007-08ರಿಂದ ಅದು ಶುರುವಾಯಿತು. ಕೆಳಗಿನ ತರಗತಿಗಳಲ್ಲಿ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮ ಅನ್ನುವ ಭಾಷಾ ನೀತಿಯ ಆದೇಶ ಇದ್ದದ್ದು 1994ರದು. ಅದನ್ನು ಹೈಕೋರ್ಟ್ 2008ರಲ್ಲಿ ಒಪ್ಪಲಿಲ್ಲ, 2014ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಮಾಧ್ಯಮ ಯಾವುದು ಅನ್ನುವುದು ಮಗು ಮತ್ತು ಪಾಲಕರ ಆಯ್ಕೆ ಅಂತ ಆಯಿತು. ಗೆದ್ದರಾ ಸೋತರಾ ಅನ್ನುವುದು ಬೇರೆ ಮಾತು. ಇರುವ ನಿಯಮವನ್ನು ಒಬ್ಬ ಮಂತ್ರಿ ನಿಜವಾಗಿ ಜಾರಿ ಮಾಡಲು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ನನಗೆ ಅದು ದೊಡ್ಡ ವಿಷಯ.

2007ರಲ್ಲೇ ಶಿಕ್ಷಕರ ವರ್ಗಾವಣೆಗೆ ಒಂದು ಕಾಯ್ದೆ ಬಂತು. ಖಾಲಿ ಜಾಗ ತೋರಿಸಿ ಸರದಿಯಂತೆ ಆರಿಸಿಕೊಳ್ಳಲು ಬಿಡುವ ಕೌನ್ಸೆಲಿಂಗ್ ಅಂದರೆ ಈಗಿನವರಿಗೆ ಗೊಣಗಾಟ. ಅದಕ್ಕೂ ಮೊದಲು ಹೇಗಿತ್ತು ಅಂತ ಕೇಳಿ. ವಿಧಾನಸೌಧದ ಮೆಟ್ಟಿಲ ಮೇಲೆ ಮೇ ತಿಂಗಳಲ್ಲಿ ಮೇಷ್ಟ್ರುಗಳ ಸಾಲು. ಕೈಯಲ್ಲಿ ಮಂತ್ರಿಯ "ಮಿನಿಟ್", ಅಂದರೆ ಶಿಫಾರಸಿನ ಟಿಪ್ಪಣಿ, ಹಾಕಿಸಿದ ಒಂದು ಅರ್ಜಿ. ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಎದೆಗೆ ಒತ್ತಿಕೊಂಡು ಬರುತ್ತಿದ್ದರು. ಗಂಡ ಬೀದರಿನಲ್ಲಿ, ಹೆಂಡತಿ ಚಾಮರಾಜನಗರದಲ್ಲಿ, ನಡುವೆ ಒಂದು ಮಗು. ಯಾರ ಪರಿಚಯವೂ ಇಲ್ಲದವರು ವಾಪಸ್ ಹೋಗುತ್ತಿದ್ದರು. ಕೌನ್ಸೆಲಿಂಗ್‌ನಲ್ಲಿ ಕುಂದು ಬಹಳ ಇದೆ, 2020ರಲ್ಲಿ ಕಾಯ್ದೆಯನ್ನೇ ಹೊಸದಾಗಿ ಮಾಡಿದರು. ಆದರೂ ಪರದೆಯ ಮೇಲೆ ಖಾಲಿ ಜಾಗ ಕಾಣುತ್ತದಲ್ಲ, ಅಷ್ಟಾದರೂ ಆಯಿತು.

ಎರಡನೆಯದು, ಸಭಾಪತಿ ಪೀಠದ ಬಗ್ಗೆ. ಸೀಟಿ ಮೇಷ್ಟ್ರು ಹೆಮ್ಮೆಯಿಂದ ಬರೆದಿದ್ದಾರೆ, ಹೆಮ್ಮೆಪಡಬೇಕಾದದ್ದೇ. ಆದರೆ ಆ ಪೀಠದಲ್ಲಿ ಕೂತವರು ಪ್ರಶ್ನೆ ಕೇಳುವಂತಿಲ್ಲ, ಚರ್ಚೆಯಲ್ಲಿ ಪಕ್ಷ ವಹಿಸುವಂತಿಲ್ಲ. ಮತವೂ ಸಮಸಮ ಬಂದಾಗ ಮಾತ್ರ. ಅಂದರೆ ನಿಮ್ಮ ಕ್ಷೇತ್ರದ ಪ್ರತಿನಿಧಿ ಅತಿ ಎತ್ತರಕ್ಕೆ ಏರಿದಾಗ ಸದನದೊಳಗೆ ನಿಮ್ಮ ಪ್ರಶ್ನೆ ಕೇಳುವ ಬಾಯಿ ಒಂದು ಕಡಿಮೆಯಾಗುತ್ತದೆ. ಪೀಠದಿಂದ ಮಂತ್ರಿಗೆ "ಉತ್ತರ ಸರಿಯಾಗಿ ಕೊಡಿ" ಅಂತ ಹೇಳಬಹುದು, ಅಧಿಕಾರಿಗಳನ್ನು ಕರೆಸಿ ಕೂರಿಸಬಹುದು. ಅದಕ್ಕೂ ತೂಕವಿದೆ. ಆದರೆ ಅದು ಪ್ರಶ್ನೆ ಕೇಳುವ ಕೆಲಸ ಅಲ್ಲ. ಆ ಕ್ಷೇತ್ರದವರು ಪಕ್ಕದ ಕ್ಷೇತ್ರದ ಸದಸ್ಯರ ಹತ್ತಿರವೂ ಹೋಗುವುದನ್ನು ರೂಢಿ ಮಾಡಿಕೊಳ್ಳಬೇಕು. ಪ್ರಶ್ನೆ ಕೇಳಲು ಕ್ಷೇತ್ರದ ಗಡಿ ಇಲ್ಲ.


ಅಕ್ಕೋರು:

ಕಡತ ನೋಡಿದವರೇ, ಈ ಕೊನೆಯ ಮಾತು ನನಗೆ ಗೊತ್ತೇ ಇರಲಿಲ್ಲ. ಸಭಾಪತಿ ಆದರೆ ನಮ್ಮ ಕೆಲಸ ಇನ್ನೂ ಸುಲಭ ಅಂತ ತಿಳಿದಿದ್ದೆ.


ಕಣ್ಣೂರು ಸೊಸೆ:

ನಾನು ಮಂಗಳೂರಿನವಳು, ಮದುವೆಯಾಗಿ ಕಣ್ಣೂರು ಸೇರಿದವಳು. ಕೇರಳದಲ್ಲಿ ವಿಧಾನ ಪರಿಷತ್ತೇ ಇಲ್ಲ. ದೇಶದಲ್ಲಿ ಪರಿಷತ್ತು ಇರುವುದು ಆರು ರಾಜ್ಯದಲ್ಲಿ ಮಾತ್ರ: ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಉತ್ತರ ಪ್ರದೇಶ, ಬಿಹಾರ. ಹಾಗಾಗಿ ಇಲ್ಲಿ ಟೀಚರ್ ಶಾಸಕರಾಗಬೇಕಾದರೆ ನೇರವಾಗಿ ಜನರ ಮುಂದೆಯೇ ನಿಲ್ಲಬೇಕು.

ಕೆ.ಕೆ. ಶೈಲಜಾ ಅವರನ್ನು ಇಲ್ಲಿ ಎಲ್ಲರೂ "ಶೈಲಜಾ ಟೀಚರ್" ಅಂತಲೇ ಕರೆಯುವುದು. ಶಿವಪುರಂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. 1996ರಲ್ಲಿ ಕೂತ್ತುಪರಂಬದಿಂದ ಶಾಸಕಿಯಾದರು. 2004ರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು ಪೂರ್ತಿ ರಾಜಕೀಯಕ್ಕೆ ಬಂದರು. ಆರೋಗ್ಯ ಮಂತ್ರಿಯಾಗಿದ್ದಾಗ 2018ರಲ್ಲಿ ನಿಪಾ ಬಂತು, ಆಮೇಲೆ ಕೊರೊನಾ. 2021ರಲ್ಲಿ ಮಟ್ಟನ್ನೂರಿನಲ್ಲಿ 60,963 ಮತಗಳ ಅಂತರದಲ್ಲಿ ಗೆದ್ದರು. ನನಗೆ ನೆನಪಿರುವುದು ಅವರು ಟೀವಿಯಲ್ಲಿ ಮಾತಾಡುತ್ತಿದ್ದ ರೀತಿ. ಗಾಬರಿ ಇಲ್ಲ, ಅಬ್ಬರ ಇಲ್ಲ. ಹಿಂದಿನ ಬೆಂಚಿನ ಮಗುವಿಗೂ ಅರ್ಥವಾಗಬೇಕು ಅನ್ನುವ ಹಾಗೆ ನಿಧಾನವಾಗಿ, ಒಂದೊಂದೇ ವಿಷಯ. ನನ್ನ ಅತ್ತೆ ಟೀವಿ ಮುಂದೆ ಕೂತು "ಟೀಚರ್ ಹೇಳಿದ್ದಾರಲ್ಲ" ಅಂತ ಮಾಸ್ಕ್ ಹಾಕಿಕೊಳ್ಳುತ್ತಿದ್ದರು.

ರಾಷ್ಟ್ರಪತಿ ದ್ರೌಪದಿ ಮುರ್ಮು ಅವರನ್ನೂ ನೆನೆಯಿರಿ. ರಾಯರಂಗಪುರದ ಶಾಲೆಯಲ್ಲಿ ಕಲಿಸುತ್ತಿದ್ದವರು 1997ರಲ್ಲಿ ಅಲ್ಲಿಯ ಕೌನ್ಸಿಲರ್ ಆದರು, 2000ದಲ್ಲಿ ಅಲ್ಲಿಂದಲೇ ಒಡಿಶಾ ವಿಧಾನಸಭೆಗೆ ಹೋದರು. ಮುಲಾಯಂ ಸಿಂಗ್ ಕೂಡ 1967ರಲ್ಲಿ ಶಾಸಕರಾಗುವ ಮೊದಲು ಮೈನ್‌ಪುರಿ ಕಡೆ ಮೇಷ್ಟ್ರು. ಇವರಿಗೆ ಶಿಕ್ಷಕರ ಮತ ಅಂತ ಬೇರೆ ಇರಲಿಲ್ಲ. ಊರಿನ ರೈತ, ಕೂಲಿ, ಅಂಗಡಿಯವರು ಎಲ್ಲರೂ ಒಪ್ಪಬೇಕಿತ್ತು. ಒಂದರಿಂದ ಐದು ಅವರಿಗೆ ಹೇಳುವುದಿಷ್ಟೇ: ಪರಿಷತ್ತಿನ ಮತ ಇಲ್ಲದಿದ್ದರೂ ವಿಧಾನಸಭೆಯ ಮತ ನಿಮ್ಮದೇ. ನಿಮ್ಮ ಶಾಸಕರ ಹತ್ತಿರ ಅರ್ಜಿದಾರರಾಗಿ ನಿಲ್ಲಬೇಡಿ.


ಒಂದರಿಂದ ಐದು:

ಅಕ್ಕಾ, ಮಾತು ನಿಜ. ಆದರೆ ಸರ್ಕಾರಿ ನೌಕರ ನಾನು. ನಡತೆ ನಿಯಮಗಳ ಪ್ರಕಾರ ರಾಜಕೀಯದ ಮಾತು ಗಟ್ಟಿಯಾಗಿ ಆಡುವಂತಿಲ್ಲ. ಶಾಲೆಗೆ ಒಂದು ಕೊಠಡಿ ಬೇಕು ಅಂತ ಕೇಳುವುದಕ್ಕೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನು ಮುಂದೆ ಬಿಟ್ಟು ನಾನು ಹಿಂದೆ ನಿಲ್ಲುತ್ತೇನೆ. ಪರವಾಗಿಲ್ಲ, ಕಳೆದ ವರ್ಷ ಹಾಗೆ ನಿಂತೇ ಒಂದು ಕೊಠಡಿ ಬಂತು. ಮಳೆ ಬಂದರೆ ಈಗ ಎಲ್ಲರೂ ಒಂದೇ ಮೂಲೆಗೆ ಸೇರಬೇಕಿಲ್ಲ.


ಸೀಟಿ ಮೇಷ್ಟ್ರು:

ಈಗ ನಾನು ಇದನ್ನೆಲ್ಲ ಶುರು ಮಾಡಿದ ನಿಜವಾದ ಕಾರಣ ಹೇಳುತ್ತೇನೆ.

ನಮ್ಮ ಶಾಲೆಯಲ್ಲಿ ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಒಬ್ಬ ಗೆಳೆಯನಿದ್ದ. ಹಿಂದಿ ಕಲಿಸುತ್ತಿದ್ದ. ಕ್ರೀಡಾಕೂಟಕ್ಕೆ ನಾನು ಮಕ್ಕಳನ್ನು ಕರೆದುಕೊಂಡು ಹೋದರೆ ಅವನೂ ಬರುತ್ತಿದ್ದ. ಗ್ಲೂಕೋಸ್ ಡಬ್ಬಿ, ನಿಂಬೆಹಣ್ಣಿನ ಚೀಲ ಅವನ ಹೆಗಲಲ್ಲೇ. ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಹೋಗಿಬಿಟ್ಟ. ನಲವತ್ತಾರು ವರ್ಷ. ನಾವಿಬ್ಬರೂ 2006ರ ಏಪ್ರಿಲ್ 1ರ ನಂತರ ಸೇರಿದವರು. ಆ ದಿನದಿಂದ ಸೇರಿದ ಸರ್ಕಾರಿ ನೌಕರರಿಗೆ ಹಳೆ ಪಿಂಚಣಿ ಹೋಗಿ, ನೌಕರರೂ ಸರ್ಕಾರವೂ ಪಾಲು ಹಾಕುವ ಹೊಸ ಪಿಂಚಣಿ ಯೋಜನೆ ಎನ್‌ಪಿಎಸ್ ಬಂತು. ನಮ್ಮಂಥ ಅನುದಾನಿತ ಶಾಲೆಯವರಿಗೆ ಹಳೆಯದೂ ಇಲ್ಲ, ಎನ್‌ಪಿಎಸ್‌ನಲ್ಲಿ ಸರ್ಕಾರ ಹಾಕುವ ಪಾಲೂ ಇಲ್ಲ. ಇದಕ್ಕಾಗಿ ನಮ್ಮವರು ಫ್ರೀಡಂ ಪಾರ್ಕಿನಲ್ಲಿ ಎಷ್ಟು ದಿನ ಕೂತರು ಅಂತ ಇಲ್ಲಿರುವ ತುಂಬ ಜನಕ್ಕೆ ಗೊತ್ತು. ನಾನೂ ಹೋಗಿ ಚಾಪೆ ಮೇಲೆ ಮಲಗಿ ಬಂದವನು.

ಗೆಳೆಯನ ಹೆಂಡತಿ ಒಂದು ರಟ್ಟಿನ ಫೈಲು ಹಿಡಿದು ನಮ್ಮ ಶಾಲೆಗೆ ಬಂದಿದ್ದರು. ಅದರಲ್ಲಿ ಅವನ ನೇಮಕಾತಿ ಆದೇಶ, ಸೇವಾ ಪುಸ್ತಕದ ಜೆರಾಕ್ಸ್, ಒಂದು ಗ್ರೂಪ್ ಫೋಟೋ. ಫೋಟೋ ಯಾಕೆ ತಂದಿರಿ ಅಂತ ನಾನು ಕೇಳಿದೆ. "ಇವರು ಇಲ್ಲೇ ಕೆಲಸ ಮಾಡಿದ್ದು ಅಂತ ತೋರಿಸೋಕೆ ಬೇಕಾಗುತ್ತೇನೋ ಅಂತ ತಂದೆ" ಅಂದರು. ನನಗೆ ಅವತ್ತು ಮಾತೇ ಹೊರಡಲಿಲ್ಲ.

ಅವರ ಪರವಾಗಿ ಒಂದು ಅರ್ಜಿ ಬರೆದು ಪರಿಷತ್ತಿನ ಒಬ್ಬ ಸದಸ್ಯರಿಗೆ ಕೊಟ್ಟೆ. ಅವರು ಮರ್ಯಾದೆಯಿಂದ ಕೂರಿಸಿ ಮಾತಾಡಿಸಿದರು. ಸದನದಲ್ಲಿ ಯಾರೋ ಕೇಳಿದಾಗ "ವಿಷಯ ಪರಿಶೀಲನೆಯಲ್ಲಿದೆ" ಅಂತ ಉತ್ತರ ಬಂತು. ಅಲ್ಲಿಗೆ ನಿಂತಿದೆ. ನಾನು ಬರೆದ ಅರ್ಜಿಯನ್ನು ಮೊನ್ನೆ ಮತ್ತೆ ತೆಗೆದು ಓದಿದೆ. ಎರಡು ಪುಟ. ತುಂಬ ದುಃಖ ಇದೆ, ಒಂದು ಅಂಕಿಯೂ ಇಲ್ಲ.


ಕಡತ ನೋಡಿದವನು:

ಮೇಷ್ಟ್ರೇ, ನಿಮ್ಮ ಗೆಳೆಯನ ಸುದ್ದಿ ಓದಿ ಸಂಕಟವಾಯಿತು. ಒಂದು ಕೆಲಸ ಮಾಡೋಣ. ನಾನು ಈ ಉತ್ತರಗಳನ್ನು ಬರೆಯುವ ಕಡೆ ಕೂತಿದ್ದವನು. ಯಾವ ಪ್ರಶ್ನೆಗೆ ಹೇಗೆ ಜಾರಿಕೊಳ್ಳುತ್ತಾರೆ ಅಂತ ನನಗೆ ಗೊತ್ತು.

"ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ?" ಅಂತ ಕೇಳಿದರೆ ಉತ್ತರ ಒಂದೇ ಪದ, "ಬಂದಿದೆ". "ಪರಿಹರಿಸಲು ಯಾವ ಕ್ರಮ ಕೈಗೊಳ್ಳಲಾಗಿದೆ?" ಅಂದರೆ "ಪರಿಶೀಲನೆಯಲ್ಲಿದೆ". "ಯಾವಾಗ ಈಡೇರಿಸಲಾಗುವುದು?" ಅಂದರೆ "ಕಾಲಮಿತಿ ನಿಗದಿಪಡಿಸಿರುವುದಿಲ್ಲ". ಮೂರು ಸಾಲಿನಲ್ಲಿ ಮುಗಿಯಿತು. ಇದರಲ್ಲಿ ಸದಸ್ಯರ ತಪ್ಪು ಅರ್ಧ, ಪ್ರಶ್ನೆಯ ತಪ್ಪು ಅರ್ಧ.

ಎಣಿಸಬಹುದಾದದ್ದನ್ನು ಕೇಳಬೇಕು. ಎಷ್ಟು ಜನ, ಯಾವ ಜಿಲ್ಲೆ, ಕಡತ ಈಗ ಯಾವ ಇಲಾಖೆಯಲ್ಲಿದೆ, ಅಲ್ಲಿಗೆ ಯಾವ ದಿನಾಂಕದಂದು ಹೋಯಿತು. ದಿನಾಂಕ ಕೇಳಿದರೆ ಕಡತವನ್ನು ಯಾರಾದರೂ ಕಪಾಟಿನಿಂದ ಹೊರಗೆ ತೆಗೆಯಲೇಬೇಕು. ನನ್ನ ಅನುಭವದಲ್ಲಿ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿ ಸದನದಲ್ಲಿ ಎದ್ದು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಾದರೆ ಬರೀ ಕಾಗದದ ಉತ್ತರ. ಚುಕ್ಕೆ ಪ್ರಶ್ನೆಗೆ ಸರದಿ ಸಿಗದಿದ್ದರೆ ನಿಯಮ 72ರ ಅಡಿ ಗಮನ ಸೆಳೆಯುವ ಸೂಚನೆ ಕೊಡಬಹುದು. ಮಂತ್ರಿ ಅಲ್ಲಿ "ಮಾಡುತ್ತೇವೆ" ಅಂದರೆ ಅದು ಭರವಸೆಗಳ ಸಮಿತಿಯ ಪಟ್ಟಿಗೆ ಹೋಗುತ್ತದೆ. ಆ ಸಮಿತಿ ಅಧಿಕಾರಿಗಳನ್ನು ಕರೆಸಿ "ಎಲ್ಲಿ ಮಾಡಿದಿರಿ?" ಅಂತ ಕೇಳುತ್ತದೆ. ಮೇಷ್ಟ್ರಾಗಿದ್ದ ಸದಸ್ಯರು ಇಲ್ಲಿ ಗಟ್ಟಿ ಇರುತ್ತಾರೆ. ಹೋಂವರ್ಕ್ ನೋಡುವ ಅಭ್ಯಾಸ ಅವರಿಗೆ ಇದ್ದೇ ಇರುತ್ತದೆ.


ತುಂಗೆಯ ದಡ:

ನನ್ನ ಮೊದಲ ಮಾತು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಮೇಷ್ಟ್ರು ಶಾಸಕರನ್ನು ಬೈದೆ. ಅವರ ಕೈಗೆ ನಾನು ಒಂದು ಸರಿಯಾದ ಪ್ರಶ್ನೆಯನ್ನೂ ಬರೆದು ಕೊಟ್ಟವನಲ್ಲ. ಕರಡು ಹಾಕಿ, ನಾನು ನಮ್ಮ ತಾಲ್ಲೂಕಿನ ಪಟ್ಟಿ ಮಾಡಿಕೊಡುತ್ತೇನೆ.


ಸೀಟಿ ಮೇಷ್ಟ್ರು:

ರಾತ್ರಿ ಕೂತು ಬರೆದೆ. ನೋಡಿ.

(ಅ) 2006ರ ಏಪ್ರಿಲ್ 1ರ ನಂತರ ರಾಜ್ಯದ ಅನುದಾನಿತ ಪ್ರೌಢಶಾಲೆಗಳಲ್ಲಿ ನೇಮಕಗೊಂಡ ಬೋಧಕ ಮತ್ತು ಬೋಧಕೇತರ ಸಿಬ್ಬಂದಿಯ ಸಂಖ್ಯೆ ಎಷ್ಟು?

(ಆ) ಇವರಲ್ಲಿ ಸೇವೆಯಲ್ಲಿರುವಾಗಲೇ ಮೃತಪಟ್ಟವರ ಸಂಖ್ಯೆ ಎಷ್ಟು? ಅವರ ಕುಟುಂಬಗಳಿಗೆ ಈವರೆಗೆ ನೀಡಿರುವ ಸೌಲಭ್ಯಗಳು ಯಾವುವು?

(ಇ) ಇವರ ಪಿಂಚಣಿಗೆ ಸಂಬಂಧಿಸಿದ ಕಡತ ಪ್ರಸ್ತುತ ಯಾವ ಇಲಾಖೆಯಲ್ಲಿದೆ? ಆ ಇಲಾಖೆಗೆ ಸ್ವೀಕೃತವಾದ ದಿನಾಂಕ ಯಾವುದು?


ಅಕ್ಕೋರು:

(ಈ) ಅಂತ ಇನ್ನೊಂದು ಸೇರಿಸಿ ಸರ್: ಇದೇ ಶಾಲೆಗಳಲ್ಲಿ ನಿವೃತ್ತಿ ಮತ್ತು ಮರಣದಿಂದ ಖಾಲಿಯಾಗಿರುವ ಹುದ್ದೆಗಳೆಷ್ಟು, ಆ ವಿಷಯಗಳನ್ನು ಈಗ ಮಕ್ಕಳಿಗೆ ಯಾರು ಕಲಿಸುತ್ತಿದ್ದಾರೆ? ನಿಮ್ಮ ವಿಜ್ಞಾನದ ಪಿರಿಯಡ್ ಅದರಲ್ಲಿ ಬರಲಿ.

ಬೇರೆ ಕ್ಷೇತ್ರದ ಇಬ್ಬರು ಸದಸ್ಯರ ಕಚೇರಿಗೆ ನಾನೇ ಹೋಗಿ ಕೊಡುತ್ತೇನೆ. ಕೈಬರಹ ನನ್ನದು ಚೆನ್ನಾಗಿದೆ, ಮೂರು ಪ್ರತಿ ಬರೆಯುತ್ತೇನೆ.


ಕಡತ ನೋಡಿದವನು:

ಚೆನ್ನಾಗಿದೆ. ಒಂದೇ ತಿದ್ದುಪಡಿ. (ಅ), (ಆ), (ಈ) ಮೂರಕ್ಕೂ ಕೊನೆಯಲ್ಲಿ "ಜಿಲ್ಲಾವಾರು, ಶಾಲಾವಾರು ವಿವರ ನೀಡುವುದು" ಅಂತ ಹಾಕಿ. ಶಾಲಾವಾರು ಅನ್ನುವ ಪದ ಬಿಡಬೇಡಿ. ಆ ಪದ ಇದ್ದರೆ ನಿಮ್ಮ ಶಾಲೆಗೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಫೋನ್ ಬರುತ್ತದೆ. ಆಗ ಆ ತಾಯಿಯ ರಟ್ಟಿನ ಫೈಲು ಸಿದ್ಧವಾಗಿರಲಿ. ಅಧಿವೇಶನ ಶುರುವಾಗುವುದಕ್ಕೆ ಸಾಕಷ್ಟು ದಿನ ಮೊದಲೇ ಪ್ರಶ್ನೆಯು ಪರಿಷತ್ತಿನ ಸಚಿವಾಲಯವನ್ನು ತಲುಪಬೇಕು, ಅದಕ್ಕೇ ಈ ವಾರವೇ ಕೊಟ್ಟುಬಿಡಿ.


ಸೀಟಿ ಮೇಷ್ಟ್ರು:

ಸೇರಿಸಿದೆ. ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಅವರ ಮನೆಗೆ ಹೋಗಿ ಫೈಲು ನೋಡಿ ಬರುತ್ತೇನೆ. ಫೋಟೋ ಕೂಡ ಅದರಲ್ಲೇ ಇರಲಿ ಅಂತ ಹೇಳುತ್ತೇನೆ.